ಓಪನ್ ಸೋರ್ಸ್ ಗೇಮು, ಬೇರೆ ಲಾಂಚರು: ಪದೇ ಪದೇ ಕೇಳೋ ಪ್ರಶ್ನೆಗಳು

ಲ್ಯಾಪ್‌ಟಾಪಿಗೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮು) ಹಾಕ್ಕೊಟ್ಟ ಮೇಲೆ ಎರಡೇ ದಿನಕ್ಕೆ ಮೆಸೇಜ್ ಬರುತ್ತೆ, "ಅಣ್ಣ ಇದ್ರಲ್ಲಿ ಗೇಮ್ ಹೆಂಗೆ ಆಡೋದು" ಅಂತ. ಕಸಿನ್ಸು, ಕಾಲೇಜ್ ಜೂನಿಯರ್ಸು, ಪಕ್ಕದ್ಮನೆ ಹುಡುಗ, ಎಲ್ರಿಗೂ ಅದೇ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಗಂಟಲು ಬಿದ್ದೋಯ್ತು, ಅದಕ್ಕೇ ಕೂತು ಬರ್ದಿದ್ದು. ಆರ್ಡರ್ ಅಂತೇನೂ ಇಲ್ಲ, ನಿಮ್ ಪ್ರಶ್ನೆ ಹುಡುಕ್ಕೊಂಡು ಓದಿ.

ಓಪನ್ ಸೋರ್ಸ್ ಗೇಮ್ ಅಂದ್ರೆ ಫ್ರೀ ಗೇಮ್ ತಾನೇ?

ಅಲ್ಲ. ಕಾಸಿಲ್ದೆ ಸಿಗೋದು ಬೇರೆ, ಓಪನ್ ಸೋರ್ಸ್ ಬೇರೆ. ಫೋರ್ಟ್‌ನೈಟ್‌ಗೆ ಯಾರೂ ಕಾಸು ಕೇಳಲ್ಲ, ಆದ್ರೆ ಅದರ ಕೋಡ್ ನಿಮಗೆ ಯಾರೂ ತೋರ್ಸೋದೂ ಇಲ್ಲ, ಕಂಪ್ನಿಯವ್ರು ಸರ್ವರ್ ಆಫ್ ಮಾಡಿದ ದಿನ ಗೇಮೂ ಹೋಯ್ತು ನೀವು ತಗೊಂಡಿದ್ದ ಸ್ಕಿನ್ನೂ ಹೋಯ್ತು. ಓಪನ್ ಸೋರ್ಸ್ ಅಂದ್ರೆ ಕೋಡು ನಿಮ್ ಕೈಗೆ ಸಿಗುತ್ತೆ, ಓದ್ಬೋದು, ಬದಲಾಯಿಸ್ಬೋದು, ಬದಲಾಯಿಸಿದ್ದನ್ನ ಇನ್ನೊಬ್ರಿಗೆ ಕೊಡ್ಬೋದು, ಹಂಗೆ ಮಾಡೋಕೆ ಲೈಸೆನ್ಸಲ್ಲೇ ಒಪ್ಪಿಗೆ ಬರ್ದಿರುತ್ತೆ.

ಇದರ ಉಲ್ಟಾನೂ ನೋಡಿ. ಮೈಂಡಸ್ಟ್ರಿ ಅಂತ ಒಂದು ಗೇಮಿದೆ, ಕನ್ವೇಯರ್ ಬೆಲ್ಟ್ ಹಾಕಿ ಅದಿರು ತೆಗ್ದು ಫ್ಯಾಕ್ಟರಿ ಕಟ್ಟಿ ಶತ್ರುಗಳನ್ನ ಹೊಡಿಯೋದು. ಕೋಡು ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಲ್ಲಿ, ಕೋಡ್ ಹಂಚ್ಕೊಳೋ ಗಿಟ್‌ಹಬ್ ಸೈಟಲ್ಲೇ ಇದೆ, ಇಚ್ ಡಾಟ್ ಐಓ ಅನ್ನೋ ಗೇಮ್ ಸೈಟಲ್ಲಿ ಕಾಸು ಕೊಡ್ದೇನೂ ಇಳಿಸ್ಕೋಬೋದು, ಅದೇ ಗೇಮನ್ನ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ದುಡ್ಡಿಗೆ ಮಾರ್ತಾರೆ. ಮಾರೋದು ತಪ್ಪಲ್ಲ, ಜಿಪಿಎಲ್ ಮಾರೋಕೆ ಬೇಡ ಅನ್ನಲ್ಲ. ಸ್ಟೀಮಲ್ಲಿ ತಗೊಂಡ್ರೆ ಅಪ್ಡೇಟ್ ತಾನಾಗೇ ಬರುತ್ತೆ, ಗೇಮ್ ಮಾಡಿದವನಿಗೆ ನಾಲ್ಕ್ ಕಾಸೂ ಸಿಗುತ್ತೆ.

ಇನ್ನೊಂದು ವಿಷ್ಯ, ಎಷ್ಟೋ ಜನ ಇದನ್ನ ಗಮನಿಸಲ್ಲ: ಒಂದು ಗೇಮಲ್ಲಿ ಕೋಡಿಗೆ ಒಂದು ಲೈಸೆನ್ಸು, ಚಿತ್ರ ಮ್ಯೂಸಿಕ್ಕಿಗೆ ಇನ್ನೊಂದು ಇರಬೋದು. 0 ಎ.ಡಿ. ಅನ್ನೋ ಯುದ್ಧದ ಗೇಮಿನ ಕೋಡು ಜಿಪಿಎಲ್, ಚಿತ್ರ-ಸಂಗೀತ ಎಲ್ಲ ಕ್ರಿಯೇಟಿವ್ ಕಾಮನ್ಸು, ಅಂದ್ರೆ ಷರತ್ತು ಪಾಲಿಸಿ ಬಳಸ್ಕೊಳೋ ಲೈಸೆನ್ಸು. ನಿಮ್ ಯೂಟ್ಯೂಬ್ ವಿಡಿಯೋಗೆ ಅದರ ಮ್ಯೂಸಿಕ್ ಹಾಕ್ಕೊಳೋದಾದ್ರೆ ಮಾಡಿದವ್ರ ಹೆಸರು ಹಾಕ್ಬೇಕು, ಸುಮ್ನೆ ಎತ್ತಿ ಹಾಕ್ಬಾರ್ದು.

ಹಳೇ ಗೇಮುಗಳದ್ದೇ ಕಾಪಿ ಥರ ಇದ್ಯಲ್ಲ, ಇದು ಪೈರಸಿ ಅಲ್ವಾ?

ಈ ಪ್ರಶ್ನೆ ತುಂಬ ಜನ ಕೇಳ್ತಾರೆ, ಸ್ವಲ್ಪ ಉದ್ದ ಉತ್ತರ. ಆಟದ ನಿಯಮ ಯಾರ ಸ್ವತ್ತೂ ಅಲ್ಲ. ಚೌಕಾಬಾರ ಆಡೋಕೆ ಯಾರ ಹತ್ರ ಪರ್ಮಿಷನ್ ತಗೋತೀವಿ ಹೇಳಿ? ಕಾಪಿರೈಟ್ ಇರೋದು ಬರೆದ ಕೋಡಿನ ಮೇಲೆ, ಚಿತ್ರದ ಮೇಲೆ, ಸಂಗೀತದ ಮೇಲೆ. ಹಾಗಾಗಿ ಒಂದು ಹಳೇ ಗೇಮು ಹೇಗೆ ನಡ್ಕೊಳುತ್ತೆ ಅಂತ ನೋಡಿ ಕೋಡನ್ನ ಮೊದಲಿಂದ ಹೊಸದಾಗಿ ಬರ್ದು, ಚಿತ್ರಾನೂ ಹೊಸದಾಗಿ ಬಿಡಿಸಿದ್ರೆ ಅದು ಬೇರೆ ಗೇಮೇ.

ಓಪನ್‌ಟಿಟಿಡಿ ಕಥೆ ಇಲ್ಲಿ ಸರಿ ಕೂರುತ್ತೆ. 1995ರಲ್ಲಿ ಕ್ರಿಸ್ ಸಾಯರ್ ಅನ್ನೋರು ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಅಂತ ಗೇಮ್ ಮಾಡಿದ್ರು, ರೈಲು ಬಸ್ಸು ವಿಮಾನ ಓಡ್ಸಿ ದುಡ್ಡು ಮಾಡೋದು. 2004ರಲ್ಲಿ ಲುಡ್ವಿಗ್ ಸ್ಟ್ರಿಗೇಯಸ್ ಅನ್ನೋ ಸ್ವೀಡನ್ನಿನ ಪ್ರೋಗ್ರಾಮರ್ ಆ ಗೇಮನ್ನ ಬಿಚ್ಚಿ ನೋಡಿ ಅದೇ ಥರ ಓಡೋ ಹೊಸ ಪ್ರೋಗ್ರಾಮ್ ಬರ್ದ. ಮುಂದೆ ಮ್ಯೂಟೊರೆಂಟ್ ಅನ್ನೋ ಡೌನ್‌ಲೋಡ್ ಪ್ರೋಗ್ರಾಮ್ ಮಾಡಿದ್ದೂ ಇದೇ ಪುಣ್ಯಾತ್ಮ, ಅದು ಬೇರೆ ವಿಷ್ಯ. ಆದ್ರೆ ಚಿತ್ರಗಳು ಇನ್ನೂ ಹಳೇ ಗೇಮಿಂದೇ ಆಗಿದ್ವು, ಅಂದ್ರೆ ಆಡ್ಬೇಕಾದ್ರೆ ಒರಿಜಿನಲ್ ಸಿಡಿ ನಿಮ್ ಹತ್ರ ಇರ್ಲೇಬೇಕಿತ್ತು. ಜನ ಕೂತು ಒಂದೊಂದು ರೈಲು, ಒಂದೊಂದು ಮನೆ, ಒಂದೊಂದು ಮರ ಹೊಸದಾಗಿ ಬಿಡಿಸಿದ್ರು, ಸೌಂಡೂ ಹೊಸದು ಮಾಡಿದ್ರು, ಅದೆಲ್ಲ ಆದ್ಮೇಲೆ 2010ರಲ್ಲಿ 1.0 ಅಂತ ಬಿಟ್ರು. ಇವತ್ತು ಸಿಡಿ ಗಿಡಿ ಏನೂ ಬೇಡ, ಇಳಿಸ್ಕೊಳಿ ಆಡಿ. ಒಂದೇ ಒಂದು ಎಚ್ಚರಿಕೆ: ರಾತ್ರಿ ಒಂಬತ್ತಕ್ಕೆ "ಒಂದು ರೈಲ್ವೆ ಲೈನ್ ಹಾಕಿ ಮಲಗ್ತೀನಿ" ಅಂತ ಕೂತ್ರೆ ಹಾಲಿನವನು ಬೆಲ್ ಹೊಡೆಯೋವರ್ಗೂ ಏಳಲ್ಲ, ಸಿಗ್ನಲ್ ಎಲ್ಲಿ ತಪ್ಪಾಯ್ತು ಯಾಕೆ ನಾಲ್ಕು ರೈಲು ಮೂತಿ ಮೂತಿ ಹಚ್ಚಿ ನಿಂತಿವೆ ಅಂತ ಹುಡುಕ್ತಾನೇ ಇರ್ತೀರ.

ಇನ್‌ಸ್ಟಾಲ್ ಮಾಡ್ದೆ, ಡೇಟಾ ಫೈಲ್ ಎಲ್ಲಿದೆ ಅಂತ ಕೇಳ್ತಿದೆ. ಏನ್ ಕೊಡ್ಲಿ?

ನೀವು ಇಳಿಸ್ಕೊಂಡಿರೋದು ಗೇಮ್ ಅಲ್ಲ, ಬರೀ ಇಂಜಿನ್ನು, ಅಂದ್ರೆ ಗೇಮನ್ನ ಓಡ್ಸೋ ಪ್ರೋಗ್ರಾಮು. ಓಪನ್‌ಎಂಡಬ್ಲ್ಯು ಹಾಗೇನೇ, 2002ರ ಮಾರೋವಿಂಡ್ ಗೇಮನ್ನ ಓಡ್ಸೋ ಹೊಸ ಇಂಜಿನ್ ಅದು, ಊರು ಜನ ಕಥೆ ಎಲ್ಲ ಒರಿಜಿನಲ್ ಗೇಮಿನ ಫೈಲಲ್ಲೇ ಇರೋದು, ಅದನ್ನ ನೀವು ಕೊಂಡುಕೊಂಡಿರ್ಬೇಕು. ಗಾಗ್ ಅನ್ನೋ ಆನ್‌ಲೈನ್ ಅಂಗಡೀಲೋ ಸ್ಟೀಮಲ್ಲೋ ಸೇಲ್ ಬಂದಾಗ ತಗೊಳಿ, ಫೋಲ್ಡರ್ ತೋರ್ಸಿ, ಮುಗೀತು. ರೋಲರ್‌ಕೋಸ್ಟರ್ ಟೈಕೂನ್ 2 ಆಡ್ಸೋ ಓಪನ್‌ಆರ್‌ಸಿಟಿ2 ಕೂಡ ಇದೇ ಜಾತಿ.

ಡೂಮ್ ಕಥೆ ಸ್ವಲ್ಪ ಬೇರೆ. 1993ರ ಶೂಟಿಂಗ್ ಗೇಮದು, 1997ರ ಡಿಸೆಂಬರಲ್ಲಿ ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಸೋರ್ಸ್ ಕೋಡನ್ನ ಅವ್ರೇ ಹೊರಗೆ ಬಿಟ್ರು, 1999ರಲ್ಲಿ ಅದು ಜಿಪಿಎಲ್‌ಗೂ ಬಂತು. ಪ್ರಿಂಟರಲ್ಲಿ ಡೂಮ್, ಫ್ರಿಡ್ಜಲ್ಲಿ ಡೂಮ್ ಅಂತ ವಿಡಿಯೋ ಬರ್ತಾವಲ್ಲ, ಅದಕ್ಕೆಲ್ಲ ಇದೇ ಕಾರಣ. ಆದ್ರೆ ಲೆವೆಲ್‌ಗಳು, ರಾಕ್ಷಸರು ಇರೋ ವ್ಯಾಡ್ ಫೈಲು ಇವತ್ತಿಗೂ ದುಡ್ಡಿಗೇ ಮಾರೋದು. ದುಡ್ಡು ಹಾಕೋದು ಬೇಡ ಅನ್ನೋದಾದ್ರೆ ಫ್ರೀಡೂಮ್ ಹಾಕ್ಕೊಳಿ, ಹೆಸರಲ್ಲಿ ಓ ಎರಡಿದೆ ನೋಡ್ಕೊಳಿ, ಅದೇ ಇಂಜಿನ್ನಿಗೆ ಬೇರೆ ಜನ ಹೊಸದಾಗಿ ಮಾಡಿದ ಲೆವೆಲ್ಲು, ಹೊಸ ರಾಕ್ಷಸರು.

ನಂದು ಹಳೇ ಲ್ಯಾಪ್‌ಟಾಪು, 4 ಜಿಬಿ ರ್‍ಯಾಮು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವ್ದು ಓಡುತ್ತೆ?

ಓಪನ್‌ಟಿಟಿಡಿ, ಬ್ಯಾಟಲ್ ಫಾರ್ ವೆಸ್ನಾತ್, ಫ್ರೀಡೂಮ್, ಶಾಟರ್ಡ್ ಪಿಕ್ಸೆಲ್ ಡಂಜನ್, ಇವು ಕಣ್ಣು ಮುಚ್ಕೊಂಡು ಓಡ್ತವೆ. ವೆಸ್ನಾತು 2003ರಿಂದ ನಡೀತಿರೋ ಪ್ರಾಜೆಕ್ಟು, ಷಡ್ಭುಜದ ಮನೆಗಳ ಮೇಲೆ ಸೈನ್ಯ ನಡ್ಸೋದು, ನಿಮ್ ಸರದಿ ಆದ್ಮೇಲೆ ಅವ್ರ ಸರದಿ, ಅರ್ಜೆಂಟೇ ಇಲ್ಲ, ಮಧ್ಯದಲ್ಲಿ ಎದ್ದು ಕಾಫಿ ಕಾಯ್ಸ್ಕೊಂಡು ಬರ್ಬೋದು. ಸೂಪರ್‌ಟಕ್ಸ್‌ಕಾರ್ಟ್ ಅನ್ನೋ ರೇಸ್ ಗೇಮು ಗ್ರಾಫಿಕ್ಸ್ ಕಮ್ಮಿ ಮಾಡ್ಕೊಂಡ್ರೆ ಓಡುತ್ತೆ, ಮನೇಲಿ ಮಕ್ಳಿದ್ರೆ ಇದನ್ನೇ ಮೊದ್ಲು ಹಾಕಿ, ಒಂದೇ ಕಂಪ್ಯೂಟರಲ್ಲಿ ಸ್ಕ್ರೀನ್ ಭಾಗ ಮಾಡ್ಕೊಂಡು ಇಬ್ರು ಆಡ್ಬೋದು, 2019ರಲ್ಲಿ ಬಂದ 1.0ರಿಂದ ಆನ್‌ಲೈನೂ ಇದೆ. ವೆಲೊರೆನ್ ಥರದ ಭಾರೀ ಗೇಮ್ ಬೇಡ, ಅದಕ್ಕೆ ಒಳ್ಳೇ ಗ್ರಾಫಿಕ್ಸ್ ಬೇಕು.

0 ಎ.ಡಿ. ಯಾಕೆ ಆಟದ ಮಧ್ಯದಲ್ಲಿ ಸ್ಲೋ ಆಗುತ್ತೆ? ಇಷ್ಟು ವರ್ಷ ಆದ್ರೂ ಆಲ್ಫಾ ಅಂತಾನೇ ಯಾಕೆ ಕರೀತಿದ್ರು?

ಇದು ನನ್ ಫೇವರಿಟ್ ಗೇಮು, ಹಾಗಾಗಿ ಸ್ವಲ್ಪ ಜಾಸ್ತಿ ಬರೀತೀನಿ, ಬೇಜಾರಾದ್ರೆ ಮುಂದಕ್ಕೆ ಹೋಗಿ. ಏಜ್ ಆಫ್ ಎಂಪೈರ್ಸ್ ಆಡ್ದೋರಿಗೆ ಹೇಳ್ಬೇಕಾಗೇ ಇಲ್ಲ, ಅದೇ ಥರ ಮರ ಕಡಿ, ಊರು ಕಟ್ಟು, ಸೈನ್ಯ ಕಟ್ಟು. 2001ರಲ್ಲಿ ಏಜ್ ಆಫ್ ಎಂಪೈರ್ಸ್ 2ಕ್ಕೆ ಒಂದು ಮಾಡ್ (ಇರೋ ಗೇಮನ್ನೇ ಬದಲಾಯಿಸಿದ ಹೊಸ ರೂಪ) ಮಾಡೋಣ ಅಂತ ಶುರುವಾಗಿದ್ದು, ಆಮೇಲೆ ಸ್ವಂತ ಗೇಮೇ ಆಯ್ತು, 2009ರಲ್ಲಿ ಓಪನ್ ಸೋರ್ಸ್ ಮಾಡಿದ್ರು. ಮಾಡೋರೆಲ್ಲ ವಾಲಂಟಿಯರ್ಸು, ಕೆಲ್ಸ ಮುಗಿಸಿ ರಾತ್ರಿ ಕೂತು ಮಾಡೋರು, ಹಾಗಾಗಿ ನಿಧಾನ. ಆಲ್ಫಾ ಅನ್ನೋ ಹೆಸರು ನೋಡಿ ಅರ್ಧಂಬರ್ಧ ಗೇಮ್ ಅನ್ಕೋಬೇಡಿ, ಕಾಸು ಕೊಟ್ಟು ತಗೊಂಡ ಎಷ್ಟೋ ಗೇಮಿಗಿಂತ ಗಟ್ಟಿ ಇದೆ. ಒಂದೊಂದು ರಿಲೀಸಿಗೂ ಅಕ್ಷರಮಾಲೆ ಪ್ರಕಾರ ಹೆಸರಿಡ್ತಾರೆ, ಇಂಗ್ಲಿಷಿನ ಕೊನೇ ಅಕ್ಷರ ಮುಗ್ದು ಮತ್ತೆ ಎ ಇಂದ ಶುರು ಮಾಡ್ದಾಗ, 2025ರ ಜನವರಿಲಿ, ಇಟ್ಟ ಹೆಸರೇನು ಗೊತ್ತಾ? ಅಗ್ನಿ!

ಸ್ಲೋ ಆಗೋ ವಿಷ್ಯಕ್ಕೆ ಬಂದ್ರೆ, ಅದು ನಿಮ್ ಗ್ರಾಫಿಕ್ಸ್ ತಪ್ಪಲ್ಲ. ಜನಸಂಖ್ಯೆ ಇನ್ನೂರು ಮುನ್ನೂರು ದಾಟಿದಾಗ ಪ್ರತಿಯೊಬ್ಬನೂ ಎಲ್ಲಿಂದ ಎಲ್ಲಿಗೆ ಯಾವ ದಾರೀಲಿ ಹೋಗ್ಬೇಕು ಅನ್ನೋ ಲೆಕ್ಕ ಪ್ರೊಸೆಸರಿನ ತಲೆ ಮೇಲೆ ಬೀಳುತ್ತೆ, ಆ ಲೆಕ್ಕದ ಬಹುಪಾಲು ಒಂದೇ ಕೋರಿನ ಮೇಲೆ ಕೂರೋದ್ರಿಂದ ನಿಮ್ಗೆ ಎಂಟು ಕೋರ್ ಇದ್ರೂ ಏಳು ಸುಮ್ನೆ ಕೂತು ನೋಡ್ತಿರ್ತಾವೆ. ಆಟ ಶುರು ಮಾಡೋವಾಗ ಜನಸಂಖ್ಯೆ ಮಿತಿ 100ಕ್ಕೋ 150ಕ್ಕೋ ಇಟ್ಕೊಳಿ, ಸಣ್ಣ ಮ್ಯಾಪ್ ತಗೊಳಿ, ಎದುರಾಳಿ ಒಬ್ಬನೇ ಇರಲಿ.

ಆಡೋದಾದ್ರೆ ಮೌರ್ಯರನ್ನ ತಗೊಂಡು ಆಡಿ. ಚಂದ್ರಗುಪ್ತ, ಅಶೋಕ, ಚಾಣಕ್ಯ ಮೂವರೂ ಹೀರೋಗಳು. ಅವ್ರಿಗೆ ಕೆಲಸದ ಆನೆ ಅಂತ ಒಂದಿದೆ, ಅದೇ ಒಂದು ನಡೆದಾಡೋ ಗೋಡೌನು: ಬೇರೆಯವ್ರು ಕಾಡಿನ ಪಕ್ಕ ಉಗ್ರಾಣ ಕಟ್ಬೇಕು, ಇವ್ರು ಆನೇನ ಮರ ಕಡಿಯೋರ ಪಕ್ಕ ನಿಲ್ಸಿದ್ರೆ ಸೌದೆ ಎಲ್ಲ ಅಲ್ಲೇ ಹಾಕ್ತಾರೆ, ಮರ ಖಾಲಿ ಆದ್ರೆ ಆನೇನ ಮುಂದಕ್ಕೆ ಹೊಡ್ಕೊಂಡು ಹೋಗೋದು. ಅಶೋಕನ ಶಾಸನದ ಕಂಬಾನೂ ನಿಲ್ಲಿಸ್ಬೋದು. ನಮ್ ರಾಯಚೂರು ಕಡೆ ಮಸ್ಕೀಲಿ 1915ರಲ್ಲಿ ಸಿಕ್ಕ ಶಾಸನದಲ್ಲೇ ಮೊದಲ ಸಲ ಅಶೋಕ ಅನ್ನೋ ಹೆಸರು ಕಂಡಿದ್ದಲ್ವಾ, ಚಂದ್ರಗುಪ್ತ ಕೊನೆಗಾಲಕ್ಕೆ ಬಂದಿದ್ದು ಶ್ರವಣಬೆಳಗೊಳಕ್ಕೆ ಅಂತ ಜೈನರು ಹೇಳ್ತಾರಲ್ವಾ, ಅದೆಲ್ಲ ತಲೇಲಿಟ್ಕೊಂಡು ಆಡ್ತಿದ್ರೆ ಒಂಥರಾ ಖುಷಿ.

ಲುವಾಂಟಿ ಅಂದ್ರೆ ಫ್ರೀ ಮೈನ್‌ಕ್ರಾಫ್ಟಾ?

ಹಳೇ ಹೆಸರು ಮೈನ್‌ಟೆಸ್ಟ್, 2010ರಲ್ಲಿ ಫಿನ್ಲೆಂಡಿನ ಪೆರ್ಟು ಅಹೋಲಾ ಶುರು ಮಾಡಿದ್ದು, 2024ರ ಅಕ್ಟೋಬರಲ್ಲಿ ಲುವಾಂಟಿ ಅಂತ ಹೆಸರು ಬದಲಾಯ್ತು. ಫಿನ್ನಿಶ್ ಭಾಷೇಲಿ ಸೃಷ್ಟಿ ಅನ್ನೋ ಅರ್ಥದ ಪದಾನೂ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೆಸರನ್ನೂ ಸೇರ್ಸಿ ಮಾಡಿದ ಹೆಸರು. ಮೊದ್ಲನೇ ಸಲ ತೆಗೆದೋರು ಎಲ್ರೂ ನಂಗೆ ಫೋನ್ ಮಾಡ್ತಾರೆ, "ಖಾಲಿ ಇದೆ, ಆಟನೇ ಇಲ್ಲ" ಅಂತ. ಹೌದು, ಇಲ್ಲ. ಅದು ಗೇಮ್ ಆಡ್ಸೋ ವೇದಿಕೆ ಅಷ್ಟೇ, ಆಟಗಳು ಬೇರೆ. ಒಳಗಡೇನೇ ಕಂಟೆಂಟ್ ಅನ್ನೋ ಜಾಗ ಇದೆ, ಅಲ್ಲಿ ಹೋಗಿ ಮೈನ್‌ಕ್ಲೋನಿಯಾನೋ ವಾಕ್ಸೆಲಿಬ್ರೆನೋ ಇಳಿಸ್ಕೊಳಿ, ಆಗ ಮೈನ್‌ಕ್ರಾಫ್ಟ್ ಥರಾನೇ ಇರುತ್ತೆ. ಆದ್ರೆ ಮೈನ್‌ಕ್ರಾಫ್ಟ್ ಸರ್ವರಿಗೆ ಇದ್ರಿಂದ ಹೋಗೋಕಾಗಲ್ಲ, ನಿಮ್ ಫ್ರೆಂಡ್ ಅದ್ರಲ್ಲಿದ್ರೆ ನೀವೂ ಅದನ್ನೇ ತಗೋಬೇಕು.

ಸರಿ, ಲಾಂಚರ್ ಅಂದ್ರೇನು? ಎಪಿಕ್ ಗೇಮ್ಸ್ ಅಂಗಡಿಗೆ ಅವ್ರದ್ದೇ ಲಾಂಚರ್ ಇದ್ಯಲ್ಲ, ಬೇರೇದ್ಯಾಕೆ?

ಲಾಂಚರ್ ಅಂದ್ರೆ ಅಂಗಡಿ ಬಾಗ್ಲು ಅಷ್ಟೇ, ಸಾಮಾನು ಒಳಗಿರೋದು. ಅಕೌಂಟಿಗೆ ಲಾಗಿನ್ ಆಗಿ, ನೀವು ತಗೊಂಡಿರೋ ಗೇಮ್ ಪಟ್ಟಿ ತೋರ್ಸಿ, ಇಳಿಸಿ, ಅಪ್ಡೇಟ್ ಮಾಡಿ, ಶುರು ಮಾಡೋದು ಅದ್ರ ಕೆಲಸ. ಎಪಿಕ್‌ನೋರು ವಿಂಡೋಸ್‌ಗೂ ಮ್ಯಾಕ್‌ಗೂ ಬಾಗ್ಲು ಇಟ್ಟಿದಾರೆ, ಲಿನಕ್ಸ್‌ಗೆ ಇಟ್ಟಿಲ್ಲ. ಅದಕ್ಕೇ ಬೇರೆ ಜನ ಪಕ್ಕದಲ್ಲೊಂದು ಬಾಗ್ಲು ಕೊರೆದ್ರು. ವಿಂಡೋಸಲ್ಲಿ ಇರೋರಿಗೆ ಕಾರಣ ಬೇರೆ: ಸ್ಟೀಮ್ ಒಂದು, ಎಪಿಕ್ ಒಂದು, ಗಾಗ್ ಒಂದು, ಯೂಬಿಸಾಫ್ಟ್ ಒಂದು, ಇಎದು ಒಂದು, ಕಂಪ್ಯೂಟರ್ ಆನ್ ಮಾಡಿದ್ರೆ ಐದೂ ಎದ್ದು ಕೂತ್ಕೊಂಡು ಅಪ್ಡೇಟ್ ಕೇಳುತ್ವೆ, ಯಾವ ಗೇಮ್ ಯಾವುದ್ರಲ್ಲಿ ತಗೊಂಡೆ ಅನ್ನೋದೇ ಮರ್ತೋಗುತ್ತೆ.

ಹೀರೋಯಿಕ್, ಲೂಟ್ರಿಸ್, ಪ್ಲೇನೈಟ್. ಯಾವ್ದು ಹಾಕ್ಲಿ?

ವಿಂಡೋಸಾ? ಪ್ಲೇನೈಟ್. ಎಲ್ಲ ಅಂಗಡಿ ಗೇಮನ್ನೂ ಒಂದೇ ಕಪಾಟಲ್ಲಿ ಜೋಡಿಸಿಡುತ್ತೆ, ತುಂಬ ಚೆನ್ನಾಗಿದೆ, ಓಪನ್ ಸೋರ್ಸು. ಆದ್ರೆ ಅದು ಕಪಾಟು ಅಷ್ಟೇ ಅನ್ನೋದು ನೆನಪಿರಲಿ, ಗೇಮ್ ಇಳಿಸೋಕೆ ಸಾಮಾನ್ಯವಾಗಿ ಹಿಂದಿನಿಂದ ಒರಿಜಿನಲ್ ಲಾಂಚರನ್ನೇ ಎಬ್ಬಿಸುತ್ತೆ, ಅದನ್ನ ಅನ್‌ಇನ್‌ಸ್ಟಾಲ್ ಮಾಡಿ ಕೂತ್ರೆ ಆಗಲ್ಲ.

ಲಿನಕ್ಸಾ? ಎಪಿಕ್, ಗಾಗ್, ಅಮೆಜಾನ್ ಪ್ರೈಮ್ ಗೇಮ್ಸು ಇರೋದಾದ್ರೆ ಹೀರೋಯಿಕ್. ಎಪಿಕ್ ಹತ್ರ ಮಾತಾಡೋ ಕೆಲ್ಸ ಒಳಗೆ ಲೆಜೆಂಡರಿ ಅನ್ನೋ ಬೇರೆ ಓಪನ್ ಸೋರ್ಸ್ ಟೂಲ್ ಮಾಡುತ್ತೆ, ಅದು ಬರೀ ಕಮಾಂಡ್ ಲೈನಿಂದು, ಅದರ ಮೇಲೆ ಚೆಂದದ ಮುಖ ಹಾಕಿರೋದೇ ಹೀರೋಯಿಕ್. ಹಗುರ ಅಂತೇನೂ ನಾನು ಹೇಳಲ್ಲ, ಅದೂ ಎಲೆಕ್ಟ್ರಾನಲ್ಲೇ ಮಾಡಿರೋದು, ಅಂದ್ರೆ ಹೊಟ್ಟೇಲಿ ಒಂದು ಇಡೀ ಬ್ರೌಸರ್ ಹೊತ್ಕೊಂಡಿರುತ್ತೆ. ಗೇಮ್ ಶುರುವಾದ್ಮೇಲೆ ತೊಂದ್ರೆ ಇಲ್ಲ.

ಲೂಟ್ರಿಸ್ ಸ್ವಲ್ಪ ಹಳಬ. ಹಳೇ ಸಿಡಿ ಗೇಮು, ಎಮ್ಯುಲೇಟರು (ಬೇರೆ ಯಂತ್ರದ ಗೇಮನ್ನ ಕಂಪ್ಯೂಟರಲ್ಲಿ ಆಡ್ಸೋದು), ಎಲ್ಲೆಲ್ಲಿಂದಲೋ ತಂದ ಇನ್‌ಸ್ಟಾಲರು, ಇಂಥ ಚಿಲ್ಲರೆ ಸಾಮಾನೆಲ್ಲ ಇರೋರಿಗೆ ಇದೇ ಸರಿ. ಒಂದೊಂದು ಗೇಮನ್ನ ಹೆಂಗೆ ಕೂರಿಸ್ಬೇಕು ಅಂತ ಜನ ಸ್ಕ್ರಿಪ್ಟ್ ಬರ್ದಿಟ್ಟಿರ್ತಾರೆ, ನೀವು ಒತ್ತಿದ್ರೆ ಅದೇ ನಡ್ಸ್ಕೊಂಡು ಹೋಗುತ್ತೆ, ಕೆಲವು ಸ್ಕ್ರಿಪ್ಟ್ ಹಳಸಿರ್ತವೆ, ಆಗ ಕೈಯಲ್ಲಿ ಮಾಡ್ಬೇಕು. ಬರೀ ಸ್ಟೀಮ್ ಗೇಮ್ ಮಾತ್ರ ಇದ್ರೆ ಇವ್ಯಾವ್ದೂ ಬೇಡ, ಸ್ಟೀಮ್ ಲಿನಕ್ಸಿಗೇ ಇದೆ.

ವಿಂಡೋಸ್ ಗೇಮು ಲಿನಕ್ಸಲ್ಲಿ ಹೆಂಗೆ ಓಡುತ್ತೆ ಮಾರಾಯ?

ವೈನ್ ಅಂತ ಒಂದು ಪ್ರಾಜೆಕ್ಟಿದೆ, 1993ರಿಂದ ನಡೀತಿದೆ. ಗೇಮು ವಿಂಡೋಸ್ ಭಾಷೇಲಿ "ಈ ಫೈಲ್ ತೆಗಿ, ಆ ಕಿಟಕಿ ಬಿಡ್ಸು" ಅಂತ ಕೇಳುತ್ತೆ, ವೈನು ಮಧ್ಯದಲ್ಲಿ ನಿಂತ್ಕೊಂಡು ಅದನ್ನ ಲಿನಕ್ಸಿಗೆ ಅರ್ಥ ಆಗೋ ಹಾಗೆ ಹೇಳುತ್ತೆ, ಮದ್ವೆ ಮನೇಲಿ ಎರಡು ಭಾಷೆ ಬೀಗರ ನಡುವೆ ಒಬ್ಬ ಮಾಮ ಓಡಾಡ್ತಿರ್ತಾನಲ್ಲ ಹಂಗೆ. ಸ್ಟೀಮ್ ನಡ್ಸೋ ವಾಲ್ವ್ ಕಂಪ್ನಿಯವ್ರು 2018ರಲ್ಲಿ ವೈನ್ ಜೊತೆ ಇನ್ನೊಂದಿಷ್ಟು ಸೇರ್ಸಿ ಪ್ರೋಟಾನ್ ಅಂತ ಬಿಟ್ರು, ಅದರಲ್ಲಿ ಡಿಎಕ್ಸ್‌ವಿಕೆ ಅನ್ನೋ ಭಾಗ ವಿಂಡೋಸಿನ ಡೈರೆಕ್ಟ್‌ಎಕ್ಸ್ ಚಿತ್ರದ ಮಾತನ್ನ ಲಿನಕ್ಸಲ್ಲೂ ನಡೆಯೋ ವಲ್ಕನ್‌ಗೆ ತಿರ್ಗ್ಸುತ್ತೆ. 2022ರಲ್ಲಿ ಬಂದ ಸ್ಟೀಮ್ ಡೆಕ್ (ಕೈಲಿ ಹಿಡ್ಕೊಂಡು ಆಡೋ ಗೇಮ್ ಕಂಪ್ಯೂಟರು) ನಿಂತಿರೋದು ಇದರ ಮೇಲೇನೇ.

ಹಳೇ ಲ್ಯಾಪ್‌ಟಾಪಿನೋರು ಇಲ್ಲಿ ಗಮನ ಕೊಡಿ. ಡಿಎಕ್ಸ್‌ವಿಕೆ 2ರಿಂದ ಈಚೆಗೆ ವಲ್ಕನ್ 1.3 ಬೇಕೇ ಬೇಕು. ಇಂಟೆಲ್ 3ನೇ, 4ನೇ ಜನರೇಷನ್ನಿನ ಒಳಗಿನ ಗ್ರಾಫಿಕ್ಸಿಗೆ ಅದಿಲ್ಲ, ಗೇಮ್ ಒತ್ತಿದ್ರೆ ಒಂದು ಕ್ಷಣ ಕಪ್ಪು ಸ್ಕ್ರೀನ್ ಬಂದು ಮುಚ್ಕೊಳುತ್ತೆ. ಹೀರೋಯಿಕ್ ಸೆಟ್ಟಿಂಗಲ್ಲಿ ಆ ಗೇಮಿಗೆ ಮಾತ್ರ ಡಿಎಕ್ಸ್‌ವಿಕೆ ಆಫ್ ಮಾಡಿ ಮಾಮೂಲಿ ವೈನಲ್ಲಿ ಟ್ರೈ ಮಾಡಿ, ಸ್ಪೀಡ್ ಕಮ್ಮಿ ಆದ್ರೂ ಹಳೇ ಗೇಮುಗಳು ಓಡ್ತವೆ.

ವಿಂಡೋಸಿನ ಡಿ ಡ್ರೈವಲ್ಲಿ ಗೇಮ್ ಆಗ್ಲೇ ಇದೆ. ಲಿನಕ್ಸಿಂದ ಅದನ್ನೇ ತೋರ್ಸಿದೆ, ಓಡ್ತಿಲ್ಲ.

ಎಲ್ರೂ ಬೀಳೋ ಗುಂಡಿ ಇದು. ವೈನು ಪ್ರತಿ ಗೇಮಿಗೂ ಪ್ರಿಫಿಕ್ಸ್ ಅಂತ ಒಂದು ಫೋಲ್ಡರ್ ಮಾಡುತ್ತೆ, ಒಂದು ಪುಟಾಣಿ ನಕಲಿ ಸಿ ಡ್ರೈವ್ ಅಂದ್ಕೊಳಿ. ಆ ಫೋಲ್ಡರ್ ಒಳಗೆ ಡಾಸ್‌ಡಿವೈಸಸ್ ಅಂತ ಇನ್ನೊಂದಿರುತ್ತೆ, ಅದ್ರಲ್ಲಿ ಸಿ ಅಕ್ಷರ ಮತ್ತು ಅದರ ಮುಂದೆ ಮೇಲೊಂದು ಕೆಳಗೊಂದು ಎರಡು ಚುಕ್ಕೆ (ಕೋಲನ್), ಅದೇ ಹೆಸರಲ್ಲಿ ಒಂದು ಲಿಂಕು ಹಾಕುತ್ತೆ. ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸೋ ಡಿಸ್ಕ್ ಫಾರ್ಮ್ಯಾಟು) ಡ್ರೈವಲ್ಲಿ ವಿಂಡೋಸು ಆ ಎರಡು ಚುಕ್ಕೆ ಇರೋ ಹೆಸರನ್ನ ಒಪ್ಪಲ್ಲ. ಅಲ್ಲೇ ಪ್ರಿಫಿಕ್ಸ್ ಮಾಡಿದ್ರೆ ಒಂದೋ ಗೇಮ್ ಶುರುವಾಗಲ್ಲ, ಇಲ್ಲಾಂದ್ರೆ ಓಡಿ, ಆಮೇಲೆ ವಿಂಡೋಸಿಗೆ ಹೋದಾಗ ಡಿಸ್ಕಲ್ಲಿ ಎರರ್ ಇದೆ ಅಂತ ಚೆಕ್ ಮಾಡೋಕೆ ಕೂರುತ್ತೆ. ಎರಡು ಚುಕ್ಕೆಗೆ ಒಂದು ಇಡೀ ಭಾನುವಾರ ಕಳ್ಕೊಂಡಿದೀನಿ ನಾನು.

ಪ್ರಿಫಿಕ್ಸನ್ನ ಲಿನಕ್ಸ್ ಡ್ರೈವಲ್ಲಿ ಇಡಿ, ಇದು ಮುಖ್ಯ. ಗೇಮ್ ಫೈಲನ್ನೂ ಅಲ್ಲಿಗೇ ಕಾಪಿ ಮಾಡಿ ಇಂಪೋರ್ಟ್ ಕೊಟ್ರೆ ಇನ್ನೂ ಒಳ್ಳೇದು, 60 ಜಿಬಿ ಮತ್ತೆ ಇಳಿಸೋದು ತಪ್ಪುತ್ತೆ. ಫ್ಲಾಟ್‌ಪ್ಯಾಕ್ ಅನ್ನೋ ಲಿನಕ್ಸ್ ಆ್ಯಪ್ ಪ್ಯಾಕೇಜಿಂದ ಹೀರೋಯಿಕ್ ಹಾಕಿದ್ರೆ ಅದಕ್ಕೆ ನಿಮ್ ಎರಡನೇ ಡಿಸ್ಕು ಕಾಣ್ದೇನೂ ಇರ್ಬೋದು, ಫ್ಲಾಟ್‌ಸೀಲ್ ಅಂತ ಸಣ್ಣ ಆ್ಯಪಿದೆ, ಅದ್ರಲ್ಲಿ ಆ ಫೋಲ್ಡರಿಗೆ ಪರ್ಮಿಷನ್ ಕೊಡಿ.

ಅನ್‌ಇನ್‌ಸ್ಟಾಲ್ ಮಾಡಿದ್ರೆ ಸೇವ್ ಹೋಗುತ್ತಾ?

ಹೋಗ್ಬೋದು, ನಂದು ಹೋಗಿದೆ. ಡಿಸ್ಕ್ ತುಂಬಿತ್ತು, ಒಂದು ಗೇಮ್ ತೆಗೆದು ಆಮೇಲೆ ಹಾಕೋಣ ಅಂತ ಅನ್‌ಇನ್‌ಸ್ಟಾಲ್ ಒತ್ದೆ, ಪ್ರಿಫಿಕ್ಸೂ ತೆಗೀಲಾ ಅಂತ ಒಂದು ಟಿಕ್ ಮಾರ್ಕ್ ಕೇಳ್ತು, ಕಸ ಎಲ್ಲ ಹೋಗ್ಲಿ ಅಂತ ಟಿಕ್ ಹಾಕ್ದೆ. ಆ ಗೇಮಿಗೆ ಕ್ಲೌಡ್ ಸೇವ್ ಇರ್ಲಿಲ್ಲ, ಸೇವೆಲ್ಲ ಆ ನಕಲಿ ಸಿ ಡ್ರೈವಿನ ಡಾಕ್ಯುಮೆಂಟ್ಸ್ ಫೋಲ್ಡರಲ್ಲೇ ಇತ್ತು. ಕೊನೇ ಬಾಸ್ ಹತ್ರ ಇದ್ದೆ. ಯಾರನ್ನ ಬೈಯೋದು, ಸ್ಪಷ್ಟವಾಗೇ ಕೇಳಿತ್ತು, ನಾನೇ ಓದದೆ ಒತ್ತಿದ್ದು. ಆ ಟಿಕ್ ಹಾಕೋಕೆ ಮೊದ್ಲು ಪ್ರಿಫಿಕ್ಸ್ ಫೋಲ್ಡರ್ ತೆಗ್ದು, ಡ್ರೈವ್ ಸಿ, ಯೂಸರ್ಸ್, ಅದರೊಳಗೆ ಡಾಕ್ಯುಮೆಂಟ್ಸು ಮತ್ತೆ ಆ್ಯಪ್‌ಡೇಟಾ, ಈ ಎರಡನ್ನ ಎಲ್ಲಾದ್ರೂ ಕಾಪಿ ಮಾಡಿಟ್ಕೊಳಿ, ಸೇವ್ ಫೈಲು ಹೆಚ್ಚಾಗಿ ಕೆಲವೇ ಎಂಬಿ ಇರುತ್ತೆ.

ಬೇರೆ ಲಾಂಚರಿಗೆ ನನ್ ಎಪಿಕ್ ಪಾಸ್‌ವರ್ಡ್ ಕೊಡೋದು ಸೇಫಾ?

ಲಾಗಿನ್ ಪೇಜ್ ಎಪಿಕ್‌ದೇ, ಲಾಂಚರ್ ಒಳಗಿನ ಕಿಟಕೀಲಿ ತೆರ್ಕೊಳುತ್ತೆ. ಲಾಗಿನ್ ಆದ್ಮೇಲೆ ಎಪಿಕ್ ಕಡೆಯಿಂದ ಒಂದು ಟೋಕನ್ (ಪಾಸ್‌ವರ್ಡ್ ಬದ್ಲು ತೋರ್ಸೋ ಗುರುತಿನ ಚೀಟಿ) ಬರುತ್ತೆ, ಅದು ನಿಮ್ ಡಿಸ್ಕಲ್ಲೇ ಕಾನ್ಫಿಗ್ ಫೋಲ್ಡರಲ್ಲಿ ಕೂರುತ್ತೆ. ಹಾಗಾಗಿ ಆ ಕಾನ್ಫಿಗ್ ಫೋಲ್ಡರನ್ನ ಜಿಪ್ ಮಾಡಿ ಫ್ರೆಂಡಿಗೆ ಕಳ್ಸೋದು, ಕಾಲೇಜ್ ಲ್ಯಾಬ್ ಕಂಪ್ಯೂಟರಲ್ಲಿ ಬಿಟ್ಟು ಬರೋದು ಮಾಡ್ಬೇಡಿ, ಅದಿದ್ದೋನು ನಿಮ್ ಅಕೌಂಟಲ್ಲಿ ಇದ್ದ ಹಾಗೇನೇ. ಇದು ಎಪಿಕ್‌ನೋರ ಅಫೀಶಿಯಲ್ ಲಾಂಚರ್ ಅಲ್ಲ ಅನ್ನೋದೂ ತಲೇಲಿರಲಿ, ನಾಳೆ ಅವ್ರು ಲಾಗಿನ್ ದಾರಿ ಬದಲಾಯಿಸಿದ್ರೆ ಹೀರೋಯಿಕ್ ಸರಿ ಹೋಗೋವರ್ಗೂ ಒಂದೆರಡು ದಿನ ಕಾಯ್ಬೇಕಾಗ್ಬೋದು, ಸಪೋರ್ಟಿಗೆ ಬರ್ದ್ರೆ ಅವ್ರು ನಮ್ದಲ್ಲ ಅಂತಾರೆ.

ಹೆದರ್ಕೋಬೇಕಾಗಿರೋದು ನಕಲಿ ಡೌನ್‌ಲೋಡಿಗೆ. ಸರ್ಚ್ ಮಾಡಿದಾಗ ಮೇಲ್ಗಡೆ ಜಾಹೀರಾತಲ್ಲಿ ಬರೋ ಲಿಂಕ್ ಒತ್ತೋದು, ಟೆಲಿಗ್ರಾಮ್ ಗ್ರೂಪಲ್ಲಿ ಬಂದ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲು) ಹಾಕೋದು, ಬೇಡ. ಪ್ರಾಜೆಕ್ಟಿನ ಸ್ವಂತ ಸೈಟು, ಗಿಟ್‌ಹಬ್ಬಿನ ರಿಲೀಸ್ ಪುಟ, ಫ್ಲಾಟ್‌ಪ್ಯಾಕ್ ಸಿಗೋ ಫ್ಲಾಟ್‌ಹಬ್ಬು, ಫೋನಿಗಾದ್ರೆ ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆ್ಯಪ್ ಅಂಗಡಿ, ಇಷ್ಟೇ.

ವ್ಯಾಲರೆಂಟ್ ಓಡುತ್ತಾ? ಫೋರ್ಟ್‌ನೈಟು? ಏಪೆಕ್ಸು?

ಇಲ್ಲ, ಇಲ್ಲ, ಇಲ್ಲ. ವ್ಯಾಲರೆಂಟಿನ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಒಳಗೇ ಕೂರೋ ಆ್ಯಂಟಿಚೀಟು, ಅಂದ್ರೆ ಮೋಸದಾಟ ತಡೆಯೋ ಪ್ರೋಗ್ರಾಮು, ವೈನಿಗೆ ಅಲ್ಲಿ ಏನೂ ಮಾಡೋಕಾಗಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದ್ಲು ಓಡ್ತಿತ್ತು, 2024ರಲ್ಲಿ ಲಿನಕ್ಸಿನೋರಿಗೆ ಬಾಗ್ಲು ಹಾಕಿದ್ರು. ಈಸಿ ಆ್ಯಂಟಿಚೀಟು ಲಿನಕ್ಸಿಗೂ ಬಂದಿದೆ, ಆದ್ರೆ ಗೇಮ್ ಕಂಪ್ನಿಯವ್ರು ಅದನ್ನ ಆನ್ ಮಾಡ್ಬೇಕು, ಮಾಡದಿದ್ರೆ ಇಲ್ಲ, ಅಷ್ಟೇ ಕಥೆ. ಯಾವ ಲಾಂಚರ್ ಬದಲಾಯಿಸಿದ್ರೂ ಇದು ಬದಲಾಗಲ್ಲ. ಕೌಂಟರ್-ಸ್ಟ್ರೈಕ್ 2, ಡೋಟಾ 2 ಎರಡೂ ಲಿನಕ್ಸಿಗೇ ಅಂತ ಇದಾವೆ. ಫ್ರೆಂಡ್ಸೆಲ್ಲ ವ್ಯಾಲರೆಂಟ್ ಆಡ್ತಾರೆ ಅಂದ್ರೆ ವಿಂಡೋಸ್ ಅಳಿಸ್ಬೇಡಿ ದಯವಿಟ್ಟು, ಡ್ಯುಯಲ್ ಬೂಟ್ (ಒಂದೇ ಲ್ಯಾಪ್‌ಟಾಪಲ್ಲಿ ಎರಡೂ) ಇಟ್ಕೊಳಿ, ಆಮೇಲೆ ನಂಗೆ ಬೈಬೇಡಿ.

ಪ್ರಿಸ್ಮ್ ಲಾಂಚರಲ್ಲಿ ಮೈನ್‌ಕ್ರಾಫ್ಟ್ ಫ್ರೀಯಾಗಿ ಸಿಗುತ್ತಾ?

ಸಿಗಲ್ಲ, ಗೇಮ್ ತಗೊಂಡಿರೋ ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಪ್ರಿಸ್ಮ್‌ನ ಉಪಯೋಗ ಬೇರೆ: ಒಂದೊಂದು ಮಾಡ್ ಪ್ಯಾಕಿಗೂ ಒಂದೊಂದು ಬೇರೆ ಡಬ್ಬಿ ಮಾಡಿಡುತ್ತೆ, ಒಂದು ಕೆಟ್ರೆ ಇನ್ನೊಂದು ಕೆಡಲ್ಲ.

ಇದು ಹುಟ್ಟಿದ ಕಥೆ ಮಾತ್ರ ಕೇಳ್ಬೇಕು. ಮೊದ್ಲು ಮಲ್ಟಿಎಂಸಿ ಅಂತ ಇತ್ತು, ಅದ್ರಿಂದ ಕವಲೊಡೆದು ಪಾಲಿಎಂಸಿ ಆಯ್ತು. 2022ರ ಅಕ್ಟೋಬರಲ್ಲಿ ಒಂದಿನ ಪಾಲಿಎಂಸಿಯ ಮೇಂಟೇನರು (ಪ್ರಾಜೆಕ್ಟ್ ನೋಡ್ಕೊಳೋರು) ಜೊತೇಲಿ ಕೆಲ್ಸ ಮಾಡ್ತಿದ್ದೋರನ್ನೆಲ್ಲ ಇದ್ದಕ್ಕಿದ್ದ ಹಾಗೆ ಪ್ರಾಜೆಕ್ಟಿಂದ ಹೊರಗೆ ಹಾಕಿದ್ರು. ಬೀಗದ ಕೈ ಒಬ್ರ ಹತ್ರಾನೇ ಉಳೀತು. ಬೇರೆ ಥರದ ಸಾಫ್ಟ್‌ವೇರ್ ಆಗಿದ್ರೆ ಉಳಿದೋರು ಅಲ್ಲಿಗೆ ಮನೆಗೆ ಹೋಗ್ಬೇಕಿತ್ತು. ಇದು ಜಿಪಿಎಲ್, ಹೊರಗೆ ಬಿದ್ದೋರು ಅದೇ ಕೋಡ್ ತಗೊಂಡು ಬೇರೆ ಮನೆ ಮಾಡಿದ್ರು, ಪ್ರಿಸ್ಮ್ ಅಂತ ಹೆಸರಿಟ್ರು, ಜನಾನೂ ಹಿಂದೇನೇ ಬಂದ್ರು. ನಾನು ಯಾವಾಗ್ಲೂ "ಕೋಡ್ ತೆರೆದಿದ್ಯಾ ನೋಡು" ಅಂತ ತಲೆ ತಿನ್ನೋದು ಇದಕ್ಕೇನೇ. ನೀವು ಜನ್ಮದಲ್ಲಿ ಒಂದು ಲೈನ್ ಕೋಡ್ ಓದದೇ ಇರ್ಬೋದು, ಓದೋ ಇನ್ಯಾರೋ ಎತ್ಕೊಂಡು ಮುಂದುವರ್ಸೋಕೆ ದಾರಿ ಇರುತ್ತೆ.

ಫೋನಲ್ಲಿ ಏನಿದೆ?

ಶಾಟರ್ಡ್ ಪಿಕ್ಸೆಲ್ ಡಂಜನ್. ಜಾಹೀರಾತಿಲ್ಲ, ನೆಟ್ ಬೇಡ, ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ತೆಗ್ದು ಆಡಿ, ಸತ್ರೆ ಮೊದಲಿಂದ ಶುರು. ಸಿವಿಲೈಸೇಶನ್ ಥರದ್ದು ಬೇಕಾದ್ರೆ ಅನ್‌ಸಿವ್, ನೋಡೋಕೆ ಸಪ್ಪೆ, ಆಡೋಕೆ ಭಾರೀ. ಮೈಂಡಸ್ಟ್ರೀನೂ ಇದೆ. ಮೂರೂ ಎಫ್-ಡ್ರಾಯ್ಡಲ್ಲಿ ಸಿಗ್ತವೆ.

ಇವ್ಯಾವೂ ಕನ್ನಡದಲ್ಲಿ ಇಲ್ವಾ?

ಅನುವಾದ ಮಾಡೋರು ಇಲ್ಲ ಅನ್ನೋದಷ್ಟೇ ಸಮಸ್ಯೆ ಅಲ್ಲ. ಲುವಾಂಟಿ ತಗೊಳಿ. ಅದರ ಕೋಡಲ್ಲಿ ಕನ್ನಡ ಅನುವಾದದ ಫೈಲಿದೆ, ಯಾರೋ ಪುಣ್ಯಾತ್ಮರು ಕೂತು ಒಂದಿಷ್ಟು ಮಾಡಿದಾರೆ. ಆದ್ರೆ ನಾನು ನೋಡಿದಾಗ ಅರೇಬಿಕ್ಕು, ಹಿಂದಿ ಜೊತೆ ಕನ್ನಡಾನೂ ಬೇಡದ ಭಾಷೆಗಳ ಪಟ್ಟೀಲಿ ಇತ್ತು, ಯಾಕಂದ್ರೆ ಅಕ್ಷರ ಬಿಡಿಸೋ ಅದರ ಭಾಗಕ್ಕೆ ಒತ್ತು, ಕಾಗುಣಿತ ಜೋಡ್ಸೋಕೆ ಬರಲ್ಲ. "ಕತ್ತಿ" ಅಂತ ಬರ್ದ್ರೆ ತಕ್ಕೆ ಒತ್ತು ಕೆಳಗೆ ಹೋಗಲ್ಲ, ತ ಪಕ್ಕ ಅರ್ಧಕ್ಕೆ ನಿಂತ ಗೆರೆ, ಅದರ ಪಕ್ಕ ಇನ್ನೊಂದು ತ, ಗುಡಿಸು ಎಲ್ಲೋ ಒಂಟಿಯಾಗಿ, ಹಲ್ಲುದುರಿದ ಬಾಚಣಿಗೆ ಥರ ಕಾಣುತ್ತೆ. ಹಂಗೆ ತೋರ್ಸೋದಕ್ಕಿಂತ ಮುಚ್ಚಿಡೋದೇ ಮೇಲು ಅಂತ ಮುಚ್ಚಿಟ್ಟಿದಾರೆ. ಬೇಜಾರಾಗುತ್ತೆ, ಆದ್ರೆ ತಪ್ಪು ಅಂತ ಹೇಳೋಕಾಗಲ್ಲ.

ಗೋಡೋ ಅನ್ನೋ ಓಪನ್ ಸೋರ್ಸ್ ಗೇಮ್ ಇಂಜಿನ್ನಲ್ಲಿ 2023ರ 4.0 ವರ್ಷನ್ನಿಂದ ಇದು ಸರಿ ಹೋಗಿದೆ, ಒತ್ತಕ್ಷರ ಎಲ್ಲ ನೆಟ್ಟಗೆ ಬರುತ್ತೆ. ಕನ್ನಡದಲ್ಲೇ ಒಂದು ಗೇಮ್ ಮಾಡ್ಬೇಕು ಅನ್ನೋ ಹುಡುಗ್ರು ಹುಡುಗೀರಿಗೆ ನಾನು ಅದನ್ನೇ ಹೇಳೋದು. ಒಳ್ಳೇ ಕನ್ನಡ ಫಾಂಟು ಪ್ರಾಜೆಕ್ಟಿಗೆ ಸೇರ್ಸೋದು ಮಾತ್ರ ಮರೀಬೇಡಿ.

ಕೋಡಿಂಗ್ ಬರಲ್ಲ, ಆದ್ರೂ ಸಹಾಯ ಮಾಡ್ಬೋದಾ?

ಮಾಡ್ಬೋದು, ಎಷ್ಟೋ ಪ್ರಾಜೆಕ್ಟಿಗೆ ಬೇಕಾಗಿರೋದೇ ಅದು. ಬಗ್ ಬಂದ್ರೆ ಸರಿಯಾಗಿ ಬರ್ದು ತಿಳ್ಸೋದು, ಸೌಂಡ್ ರೆಕಾರ್ಡ್ ಮಾಡೋದು, ಚಿತ್ರ ಬಿಡಿಸೋದು. ಅನುವಾದಕ್ಕೆ ವೆಬ್‌ಲೇಟ್ ಅಂತ ಸೈಟಿದೆ, ಬ್ರೌಸರಲ್ಲೇ ಒಂದೊಂದು ಸಾಲು ಮಾಡ್ಬೋದು, ಲುವಾಂಟಿ, ಗೋಡೋ ಎರಡೂ ಅಲ್ಲೇ ಇವೆ. ಶುರು ಮಾಡೋಕೆ ಮುಂಚೆ ಮೇಲೆ ಹೇಳಿದ ಒತ್ತಕ್ಷರದ ಕಥೆ ಆ ಗೇಮಲ್ಲಿ ಹೆಂಗಿದೆ ಅಂತ ಒಂದ್ಸಲ ನೋಡ್ಕೊಳಿ, ಸಾವಿರ ಸಾಲು ಮಾಡಿ ಕೊನೆಗೆ ಸ್ಕ್ರೀನಲ್ಲಿ ಬರ್ದೇ ಹೋದ್ರೆ ಹೊಟ್ಟೆ ಉರಿಯುತ್ತೆ.

ಎಪಿಕ್‌ನ ವಾರದ ಫ್ರೀ ಗೇಮು ಹೀರೋಯಿಕಲ್ಲೂ ಸಿಗುತ್ತಾ?

ಸಿಗುತ್ತೆ. ಗುರುವಾರ ರಾತ್ರಿ ನಮ್ ಟೈಮಿಗೆ ಎಂಟೂವರೆಗೆ ಬದಲಾಗುತ್ತೆ, ಅಮೆರಿಕದಲ್ಲಿ ಚಳಿಗಾಲದ ಟೈಮ್ ಬಂದಾಗ ಒಂಬತ್ತೂವರೆಗೆ. ಹೀರೋಯಿಕ್ ಒಳಗಿನ ಸ್ಟೋರ್ ಪುಟದಿಂದಲೋ ಫೋನ್ ಬ್ರೌಸರಿಂದಲೋ ತಗೊಳಿ, ಲೈಬ್ರರೀಲಿ ರಿಫ್ರೆಶ್ ಕೊಟ್ರೆ ಬರುತ್ತೆ. ತಗೊಳೋ ಮುಂಚೆ ಅದಕ್ಕೆ ಇಎದೋ ಯೂಬಿಸಾಫ್ಟ್‌ದೋ ಲಾಂಚರ್ ಬೇರೆ ಬೇಕಾ ಅಂತ ನೋಡಿ, ಬಾಗ್ಲೊಳಗೆ ಇನ್ನೊಂದು ಬಾಗ್ಲು ಅದು, ಓಡ್ಸೋಕೆ ಆಗಲ್ಲ ಅಂತಲ್ಲ, ಆದ್ರೆ ತಲೆನೋವು.

ಏನ್ ಮಾಡಿದ್ರೂ ಓಡ್ತಿಲ್ಲ. ನಿಮ್ಮನ್ನೇ ಕೇಳ್ಬೋದಾ?

ಕೇಳಿ. ಆದ್ರೆ "ಓಡ್ತಿಲ್ಲ ಬ್ರೋ" ಅಂತ ಮೂರು ಅಳೋ ಮುಖ ಹಾಕಿ ಬಿಡ್ಬೇಡಿ. ಮೊದ್ಲು ಪ್ರೋಟಾನ್‌ಡಿಬಿ ಸೈಟಲ್ಲಿ ಆ ಗೇಮಿನ ಹೆಸರು ಹಾಕಿ ಬೇರೆಯವ್ರು ಏನು ಬರ್ದಿದಾರೆ ಓದಿ, ಅರ್ಧ ಕೇಸು ಅಲ್ಲೇ ಮುಗಿಯುತ್ತೆ. ಮುಗೀದಿದ್ರೆ ಯಾವ ಲಿನಕ್ಸು, ಯಾವ ಗ್ರಾಫಿಕ್ಸು, ಗೇಮ್ ಯಾವ ಡ್ರೈವಲ್ಲಿದೆ, ವೈನೋ ಪ್ರೋಟಾನೋ ಯಾವ ವರ್ಷನ್ನು ಅಂತ ಬರ್ದು ಹೀರೋಯಿಕಲ್ಲಿ ಆ ಗೇಮಿನ ಲಾಗ್ ಫೈಲ್ ಕಳ್ಸಿ. ಸ್ಕ್ರೀನಿನ ಫೋಟೋನ ಮೊಬೈಲಲ್ಲಿ ಅಡ್ಡಡ್ಡ ತೆಗ್ದು ಕಳ್ಸೋರು ಲೈಟ್ ಆಫ್ ಮಾಡಿ ತೆಗೀರಪ್ಪ, ಟ್ಯೂಬ್‌ಲೈಟ್ ಹೊಳಪಲ್ಲಿ ಎರರ್ ನಂಬರೇ ಕಾಣಲ್ಲ.